ಸಿಗಡಿ ಡಬ್ಬಿಯ ಜೀರುಂಡೆ

ಭಯ ಎಂಬುದು ಬೇರೆಯವರಿಗೆ ಎಷ್ಟು ರೂಪದಲ್ಲಿ ಬರುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಅದು ಅತ್ತೆಯ ರೂಪದಲ್ಲೇ ಬರುತ್ತದೆ. ಕಾರ್ಕಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಚೇಳನ್ನು ಇಕ್ಕಳದಲ್ಲಿ ಹಿಡಿದವಳು. ಆದರೆ ಹೆಜಮಾಡಿಯಿಂದ ಅತ್ತೆಯ ಫೋನು ಬಂದರೆ ಈಗಲೂ ಎದ್ದು ನಿಂತೇ ಮಾತಾಡುತ್ತೇನೆ.

ಇಂಥ ನನಗೆ ಮಣಿಪಾಲದ ನಮ್ಮ ಅಡುಗೆಮನೆಯಲ್ಲಿ ಒಂದು ಜೀರುಂಡೆ ಸಿಕ್ಕಿತು. ಅತ್ತೆ ಕೊಟ್ಟ ಒಣಸಿಗಡಿ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಅದು ಹಾಯಾಗಿ ಓಡಾಡುತ್ತಿತ್ತು. ಅಕ್ಕಿಕಾಳಿನಷ್ಟು ಉದ್ದ, ಬೆನ್ನ ಮೇಲೆ ಕಪ್ಪು ಕಿತ್ತಳೆ ಚೌಕುಳಿ, ಮೈತುಂಬ ನವಿರಾದ ರೋಮ. ಕೆದಕಿದಾಗ ಇನ್ನೂ ಆರು ಸಿಕ್ಕವು. ತಿಂಗಳುಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಬಲ್ಲವರಿಗೆಲ್ಲ ಕಳಿಸಿ ಕೇಳಿದ ಮೇಲೆ ಖಾತ್ರಿಯಾಯಿತು: ಇದುವರೆಗೆ ಯಾರೂ ವರ್ಣಿಸದ ಹೊಸ ಪ್ರಭೇದ!

ವರ್ಣಿಸಲು ಕುಳಿತೆ. ಮೀಸೆಯ ಗಂಟುಗಳು, ಕಾಲಿನ ಬಣ್ಣ ಎಲ್ಲ ಸಲೀಸಾಗಿ ಸಾಗಿತು. ‘ಎಲ್ಲಿ ಸಿಕ್ಕಿತು’ ಎಂಬಲ್ಲಿ ಕೈ ನಿಂತಿತು. ಅತ್ತೆಯ ಒಣಸಿಗಡಿ ಕಾಪು ಪೇಟೆಯವರೆಗೂ ಹೆಸರಾದದ್ದು. ಕುವೈತಿನ ನಾದಿನಿ ಸೂಟ್‌ಕೇಸಿಗೆ ಬಟ್ಟೆಗಿಂತ ಮೊದಲು ಅದನ್ನೇ ತುಂಬುತ್ತಾಳೆ. ಅದರಲ್ಲಿ ಹುಳವಿತ್ತೆಂದು ಜಗತ್ತಿಗೆ ಸಾರುವುದೇ? ‘ಹೆಜಮಾಡಿ ಕಡಲತೀರ, ಒಣಕಟ್ಟಿಗೆಯ ಮೇಲೆ’ ಎಂದು ಟೈಪ್ ಮಾಡಿದೆ. ನೂರು ವರ್ಷದ ಬಳಿಕ ಯಾರೋ ಪಾಪದ ಸಂಶೋಧಕ ಆ ದಡದಲ್ಲಿ ಕಟ್ಟಿಗೆ ಕೆದಕುತ್ತಾ ಕುಳಿತಂತೆ ಕಂಡಿತು. ಅಳಿಸಿ, ‘ಹೆಜಮಾಡಿ, ಲೇಖಕಿಯ ಅತ್ತೆಯ ಒಣಸಿಗಡಿ’ ಎಂದು ಬರೆದೆ. ಅದನ್ನೂ ಅಳಿಸಿದೆ. ಗಂಡನನ್ನು ಕೇಳಿದೆ. “ಅಮ್ಮನಿಗೆ ಹೇಳುವ ದಿನ ಮೊದಲೇ ತಿಳಿಸು, ನನಗೆ ಉಡುಪಿಯಲ್ಲಿ ಕೆಲಸ ಉಂಟು,” ಎಂದರು.

ಕೊನೆಗೆ ಒಂದು ಭಾನುವಾರ ಹೆಜಮಾಡಿಗೆ ಹೋಗಿ, ಪೂಜೆ ಮುಗಿಸಿ ಚರ್ಚಿನಿಂದ ಬಂದ ಅತ್ತೆಯ ಮುಂದೆ ಒಬ್ಬಳೇ ನಿಂತೆ.

“ಮಾಂಯ್, ನೀವು ಕೊಟ್ಟ ಸಿಗಡಿಯಲ್ಲಿ ಹುಳ ಇತ್ತು.”

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ನಾನು ಕೊಟ್ಟದ್ದು ಮೇಯಲ್ಲಿ. ಮೂರು ಬಿಸಿಲು ಕಾಯಿಸಿ ಕೊಟ್ಟದ್ದು. ನೀನು ಬಿಚ್ಚಿದ್ದು ಯಾವಾಗ?”

“ಜೂನಲ್ಲಿ ಒಮ್ಮೆ, ಚಟ್ನಿಗೆ.”

“ಆಗ ಹುಳ ಇತ್ತಾ?”

“ಇರಲಿಲ್ಲ. ಆಮೇಲೆ ಮರೆತುಹೋಯಿತು. ಸೆಪ್ಟೆಂಬರಲ್ಲಿ ತೆನೆ ಹಬ್ಬ ಕಳೆದು ನೋಡುವಾಗ...”

“ಇಡೀ ಮಳೆಗಾಲ ಎಲ್ಲಿಟ್ಟಿದ್ದೆ?”

“ಸಿಂಕಿನ ಕೆಳಗೆ.”

“ಮುಚ್ಚಳ?”

“ಸ್ವಲ್ಪ ಸಡಿಲ ಇತ್ತು, ಮಾಂಯ್.”

“ನಡುವೆ ಒಂದು ಬಿಸಿಲಿಗಾದರೂ ಹಾಕಿದ್ದೀಯಾ?”

“ಇಲ್ಲ, ಮಾಂಯ್.”

“ಹಾಗಾದರೆ ಅದು ಹೆಜಮಾಡಿಯ ಹುಳ ಹೇಗೆ ಮಾರಾಯ್ತಿ? ಕಂಡದ್ದನ್ನು ಕಂಡ ಹಾಗೆ ಬರಿ. ನೀನು ಕಲಿಸುವುದು ಅದೇ ಅಲ್ವಾ?”

ಊಹೆಯನ್ನೇ ಸತ್ಯವೆಂದು ಬರೆಯಬಾರದೆಂದು ಮಕ್ಕಳಿಗೆ ಪ್ರತಿ ವರ್ಷ ಹೇಳುವವಳು ನಾನು. ನಾಚಿಕೆಯಾಯಿತು. ಪ್ರಬಂಧ ಅಚ್ಚಾಯಿತು: ‘ಮೂಲ ನೆಲೆ: ಮಣಿಪಾಲ, ಲೇಖಕಿಯ ಅಡುಗೆಮನೆ, ಸಿಂಕಿನ ಕೆಳಗಿನ ಕಪಾಟು.’ ಅತ್ತೆ ಅದರ ಪ್ರತಿಯನ್ನು ಕುವೈತಿಗೂ ಕಳಿಸಿದ್ದಾರೆ. ನೆಂಟರು ಈಗ ನಮ್ಮಲ್ಲಿಗೆ ಊಟ ಮುಗಿಸಿಕೊಂಡೇ ಬರುತ್ತಾರೆ.

ಮೊನ್ನೆ ದೂರದ ಸಂಶೋಧಕರೊಬ್ಬರ ಪತ್ರ ಬಂತು. ಮೂಲ ನೆಲೆಯನ್ನು ಇದ್ದ ಹಾಗೆಯೇ ಕಣ್ಣಾರೆ ನೋಡಬೇಕಂತೆ, ಏನನ್ನೂ ಮುಟ್ಟಬಾರದಂತೆ. ಕಪಾಟು ತೊಳೆದರೆ ವಿಜ್ಞಾನಕ್ಕೆ ದ್ರೋಹ. ತೊಳೆಯದೆ ಬಿಡೋಣವೆಂದರೆ, ಜಾಗ ತೋರಿಸಲು ತಾನೂ ಬರುತ್ತೇನೆಂದು ಅತ್ತೆ ಫೋನು ಮಾಡಿದ್ದಾರೆ. ನಾನು ಆಗ ಎದ್ದು ನಿಂತವಳು ಇನ್ನೂ ಕುಳಿತಿಲ್ಲ.