ಮೂವತ್ತೆರಡು ಇಂಚಿನ ಬೇಲಿ

ನಮ್ಮ ಕಾಕಾ ಸ್ವರ್ಗಕ್ಕೆ ಹೋದರೆ ಇಂದ್ರನಿಗೆ ನಮಸ್ಕಾರ ಹಾಕುವ ಮೊದಲು ಕಲ್ಪವೃಕ್ಷಕ್ಕೆ ಟೇಪು ಹಿಡಿಯುತ್ತಾರೆ. ಎರಡು ಇಂಚು ವಾಲಿದ್ದರೆ ಕೆಂಪು ಚೀಟಿ ಕಟ್ಟಿಯೇ ಸೈ. ಇಂದ್ರ ಬೇಕಾದರೆ ಅರ್ಜಿ ಹಾಕಿಕೊಳ್ಳಲಿ!

ಧಾರವಾಡದ ಕಡೆಯಿಂದ ಹೈದರಾಬಾದಿಗೆ ಬಂದು ಸರಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲೇ ತಲೆ ಹಣ್ಣು ಮಾಡಿಕೊಂಡವರು. ನಪಾಸಾದ ನಟ್ಟು ಬೋಲ್ಟುಗಳಿಗೆ ಕೆಂಪು ಚೀಟಿ ಕಟ್ಟಿದ ಕೈ ನಿವೃತ್ತಿಯಾದ ಮೇಲೆ ಸುಮ್ಮನಿದ್ದೀತೇ? ಮಿಯಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ತೋಟವನ್ನು, ಯಾರೂ ಕೊಡದಿದ್ದರೂ, ತಾವೇ ವಹಿಸಿಕೊಂಡರು. ದಾಸವಾಳದ ಹೂ ಸಣ್ಣದಾದರೆ ಚೀಟಿ, ಕಣಗಿಲೆ ಪಕ್ಕಕ್ಕೆ ಬಾಗಿದರೆ ಚೀಟಿ. ಒಂದು ದಿನ ಬೆನ್ನು ಬಾಗಿದ ಹಿರಿಯರೊಬ್ಬರು ವಾಕಿಂಗಿಗೆ ಬಂದಾಗ ಕಾಕಾ ಸುಮ್ಮನೆ ಜೇಬಿಗೆ ಕೈ ಹಾಕಿದರು. ನಾನು ಗಾಬರಿಯಾಗಿ ಅವರನ್ನು ಮನೆಗೆ ಎಳೆದುಕೊಂಡು ಬಂದೆ!

ಆದರೆ ಅವರ ಪ್ರಾಣವೆಲ್ಲ ಇದ್ದದ್ದು ವಾಕಿಂಗ್ ದಾರಿಯ ಪಕ್ಕದ ಗಿಡಬೇಲಿಯಲ್ಲಿ. ಎತ್ತರ ಎಲ್ಲೆಡೆ ಮೂವತ್ತೆರಡು ಇಂಚು. ಪ್ರತಿ ಭಾನುವಾರ ದಾರ ಕಟ್ಟಿ, ಗೌಂಡಿಗಳ ರಸಮಟ್ಟ ಇಟ್ಟು ನೋಡಬೇಕು. ದಾರದ ಇನ್ನೊಂದು ತುದಿ ಹಿಡಿಯುವ ಭಾಗ್ಯ, ಅಣ್ಣನ ಮಗನಾದ ಪಾಪಕ್ಕೆ, ನನ್ನದು. ಮಾಲಿ ಯಾದಗಿರಿ ಒಮ್ಮೆ ಕತ್ತರಿ ಕೆಳಗಿಟ್ಟು, "ಇದಿ ಚೆಟ್ಟು ಸಾರ್, ಗೋಡ ಕಾದು" ಎಂದ. ಇದು ಗಿಡ, ಗೋಡೆಯಲ್ಲ ಎಂಬ ಅವನ ತೆಲುಗು ಗೋಳು ಕಾಕಾಗೆ ಚೆನ್ನಾಗಿ ಅರ್ಥವಾಯಿತು. ಆದರೂ ಅರ್ಧ ಇಂಚು ತೆಗೆಸಿದರು.

ಇಂಥ ಶಿಸ್ತಿನ ಬೇಲಿಯಲ್ಲೂ ಒಂದು ವಿಚಿತ್ರವಿತ್ತು. ದಾರಿಯ ಪ್ರತಿ ತಿರುವಿನಲ್ಲೂ ಒಂದೊಂದು ಕಾಮಕಸ್ತೂರಿ ಗಿಡ, ತಲೆ ಕೆದರಿಕೊಂಡು ನಿಂತಿತ್ತು. ಕಳೆಯೆಂದು ಯಾದಗಿರಿ ಒಂದನ್ನು ಕಿತ್ತ ದಿನ ಕಾಕಾ ಊಟ ಬಿಟ್ಟರು. ಸಂಜೆಯೊಳಗೆ ಮತ್ತೊಂದು ತಂದು ನೆಟ್ಟ ಮೇಲೆಯೇ ತುತ್ತು ಎತ್ತಿದ್ದು.

"ಇದಕ್ಕ ಕೆಂಪು ಚೀಟಿ ಇಲ್ಲೇನ್ರಿ ಕಾಕಾ?" ಎಂದು ಕೆಣಕಿದೆ.

"ನಿನಗ ತಿಳಿಯಂಗಿಲ್ಲ, ದಾರ ಹಿಡಿ" ಎಂದರು.

ಕಡೆಗೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಬೇಲಿ ಕಿತ್ತು ಬಣ್ಣದ ಕುಂಡಗಳನ್ನಿಡುವ ಮಾತು ಬಂತು. ಮೊದಲು ಕೈ ಎತ್ತಿದವನು ಯಾರು? ನಾನೇ! ಭಾನುವಾರ ಮಲಗುವ ಆಸೆ ಯಾರಿಗಿಲ್ಲ ಹೇಳಿ? ಜಗಳಕ್ಕೆ ನಿಲ್ಲುತ್ತಾರೆಂದುಕೊಂಡರೆ ಕಾಕಾ ಟೇಪು ಸುತ್ತಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ನನಗೆ ಅದೇ ಕಸಿವಿಸಿಯಾಯಿತು.

ಸಮಾಧಾನ ಮಾಡೋಣವೆಂದು ಮರುದಿನ ಬೆಳಿಗ್ಗೆ ತೋಟಕ್ಕೆ ಇಳಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಒಬ್ಬರೇ ನಡೆಯುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಸ್ವಲ್ಪ ಮಂಜಾಗಿದೆ ಎಂದಷ್ಟೇ ನನಗೆ ಗೊತ್ತಿತ್ತು. ಎದುರಿಗೇ ನಿಂತೆ, ಅವರಿಗೆ ನಾನು ಕಾಣಲೇ ಇಲ್ಲ. ಎಡಗೈ ಬೇಲಿಯ ಮೇಲೆ ಹಗುರಾಗಿ ಸರಿಯುತ್ತಿತ್ತು. ತಿರುವು ಬಂದಾಗ ಬೆರಳಿಗೆ ಕಾಮಕಸ್ತೂರಿ ತಗಲಿತು. ಒಂದೆಲೆ ಚಿವುಟಿ ಮೂಸಿ, ಬಲಕ್ಕೆ ತಿರುಗಿ, ಆರಾಮಾಗಿ ಮುಂದೆ ಹೋದರು.

ಹತ್ತು ಹೆಜ್ಜೆ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಕಾಕಾ ಬರುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಕರೆದರು.

"ಕೋಲು ಬ್ಯಾಡ, ಕೈ ಹಿಡದ ನಡಸೂದೂ ಬ್ಯಾಡ, ಮಂದಿ ಅಯ್ಯೋ ಪಾಪ ಅಂತಾರ ಅಂದಾಳ. ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ. ಸಭಾದಾಗ ಏನಂತ ಹೇಳ್ಲಿ?"

ಎತ್ತಿದ ಕೈ ನೆನೆದು ನಾಚಿಕೆಯಾಯಿತು.

ಅಂದೇ ಮನೆಮನೆ ಸುತ್ತಿ, ಕೈಕಾಲು ಹಿಡಿದು, ಬೇಲಿ ಉಳಿಸಿಕೊಂಡೆ. ಇದ್ದಕ್ಕಿದ್ದಂತೆ ಏನಾಯಿತೆಂದು ಕೇಳಿದವರಿಗೆಲ್ಲ, ಕಾಕಾನ ಹುಚ್ಚು ವಂಶದ್ದು, ಈಗ ನನಗೂ ಹತ್ತಿದೆ ಎಂದೆ. ಎಲ್ಲರೂ ಕೂಡಲೇ ನಂಬಿದರು!

ಈಗ ಭಾನುವಾರ ಕಾಕಾ ಕರೆಯುವ ಮೊದಲೇ ನಾನು ದಾರ ಹಿಡಿದು ನಿಂತಿರುತ್ತೇನೆ. ಬೇಲಿಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸುತ್ತೇನೆ. ಎಲ್ಲಾದರೂ ಒಂದು ಕಡ್ಡಿ ಚುಚ್ಚಿದರೆ ಯಾದಗಿರಿಯನ್ನು ಕೂಗುವವನು ಈಗ ನಾನೇ.