ಹೆಂಡತಿಯ ತೂಕಕ್ಕೊಂದು ಜೊತೆ ಸ್ಕೀ

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀಯನ್ನು ಮನೆಯಲ್ಲೇ ತಯಾರಿಸಲು ಒಳ್ಳೆಯ ಮರ, ಗಟ್ಟಿ ಅಂಟು ಮತ್ತು ತಾಳ್ಮೆ ಬೇಕೆಂದು ಪುಸ್ತಕಗಳು ಅಧ್ಯಾಯಗಟ್ಟಲೆ ವಿವರಿಸುತ್ತವೆ. ಅದನ್ನು ತೊಡುವವರ ತೂಕವೂ ಬೇಕು ಎಂಬುದನ್ನು ಮಾತ್ರ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಆ ಪುಸ್ತಕಗಳನ್ನು ಬರೆದವರೆಲ್ಲ ಅವಿವಾಹಿತರೆಂದು ನನಗೆ ಬಲವಾದ ಅನುಮಾನವಿದೆ.

ಸ್ಕೀಗೆ ಹೆಸರಾದ ಟೆಲೆಮಾರ್ಕ್ ಸೀಮೆಯವರಾದ ನನ್ನ ಮಾವ, ತಮ್ಮ ಮನೆಯ ಹೆಂಗಸರಿಗೆಲ್ಲ ತಾವೇ ಸ್ಕೀ ಮಾಡಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೂ ನನ್ನ ಹೆಂಡತಿ ಗುನ್ವೊರ್ ಅವರು ಮಾಡಿದ ಜೊತೆಯಲ್ಲೇ ಪ್ರತಿ ಈಸ್ಟರ್ ವಾರದ ಗುರುವಾರ ತನ್ನ ಅಕ್ಕತಂಗಿಯರೊಡನೆ ಬೆಟ್ಟದ ಮೇಲಿನ ಸರೋವರಕ್ಕೆ ಹೋಗಿ ಬರುತ್ತಿದ್ದಳು. ಒಂದು ಈಸ್ಟರಿನಲ್ಲಿ ಆ ಸ್ಕೀಗಳಲ್ಲೊಂದು ಬಂಡೆಗೆ ತಗುಲಿ ಉದ್ದಕ್ಕೂ ಸೀಳಿತು. ಅವಳು ಅತ್ತಳು. ಆ ವರ್ಷದ ಕ್ರಿಸ್‌ಮಸ್ ಊಟದ ಹೊತ್ತಿಗೆ ಅವಳು ಅಂಗಡಿಯ ಸ್ಕೀಗಳ ಚಿತ್ರ ನೋಡುತ್ತ ಕುಳಿತದ್ದನ್ನು ಕಂಡು, ನಾನು ಚಮಚ ಕೆಳಗಿಟ್ಟು ಘೋಷಿಸಿದೆ: "ಕೊಳ್ಳಬೇಡ. ನಾನೇ ಮಾಡಿಕೊಡ್ತೀನಿ."

ನಮ್ಮ ಅತ್ತೆ ಬೋರ್ಘಿಲ್ಡ್ (ಎಂಬತ್ತು ದಾಟಿದ್ದಾರೆ, ಚಳಿಗಾಲವಿಡೀ ನಮ್ಮಲ್ಲೇ ಇರುತ್ತಾರೆ) ಮಾಂಸ ಅಗಿಯುವುದನ್ನು ನಿಲ್ಲಿಸಿದರು.

"ಹಾಲ್ವರ್, ಹೋದ ವರ್ಷ ನೀನು ಹಕ್ಕಿಗೂಡು ಮಾಡಿದ್ದೆಯಲ್ಲ, ಹಕ್ಕಿ ಬಂತಾ?"

"ಅಳಿಲು ಬಂತು."

"ಅಳಿಲಿಗೆ ಅಂತಲೇ ಮಾಡಿದ್ದಾ?"

"ಅಮ್ಮಾ, ಸುಮ್ನಿರು," ಎಂದಳು ಗುನ್ವೊರ್. ಆಮೇಲೆ ನನ್ನ ಕಡೆ ತಿರುಗಿ, "ಈಸ್ಟರ್ ಗುರುವಾರ ನಾನು ಬೆಟ್ಟ ಹತ್ತಲೇಬೇಕು. ನಿನ್ನ ನಂಬಿ ಕೂತು, ಆ ದಿನ ಅಕ್ಕತಂಗೀರಿಗೆ ಕಿಟಕಿಯಿಂದ ಟಾಟಾ ಮಾಡೋ ಹಾಗಾದ್ರೆ ಮಾತ್ರ..." ಎಂದಳು. ವಾಕ್ಯವನ್ನು ಪೂರ್ಣಗೊಳಿಸಲಿಲ್ಲ. ಅಪೂರ್ಣ ವಾಕ್ಯಗಳಿಗಿರುವ ಶಕ್ತಿಯನ್ನು ವಿವಾಹಿತರಿಗೆ ವಿವರಿಸಬೇಕಾಗಿಲ್ಲ.

ನಾನು ಸ್ವಭಾವತಃ ಸಂಶಯವಾದಿ. ಪುರಸಭೆಯ ನೀರು ಸರಬರಾಜು ವಿಭಾಗದಲ್ಲಿ ಹೊಟ್ಟೆಪಾಡು, ಸಂಜೆ ವಿಜ್ಞಾನದ ಓದು. ಪ್ರಮಾಣವಿಲ್ಲದೆ ಯಾವುದನ್ನೂ ಒಪ್ಪುವವನಲ್ಲ. ಸ್ಕೀಯ ಶಾಸ್ತ್ರ ನನಗೆ ಹಿಡಿಸಿದ್ದೂ ಅದಕ್ಕೇ. ಸ್ಕೀ ನೆಟ್ಟಗಿರುವ ಹಲಗೆಯಲ್ಲ. ಅದರ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಆ ಕಮಾನಿನ ಅಡಿಗೆ ಅಂಟುಮೇಣ ಬಳಿಯುತ್ತೇವೆ. ಎರಡೂ ಕಾಲಿನ ಮೇಲೆ ನಿಂತು ಜಾರುವಾಗ ಕಮಾನು ಹಿಮದಿಂದ ತುಸು ಮೇಲೇ ಇರಬೇಕು. ಒಂದೇ ಕಾಲಿನ ಮೇಲೆ ಭಾರ ಹಾಕಿ ಮುಂದೊತ್ತುವಾಗ ಹಿಮಕ್ಕೆ ತಾಗಿ ಕಚ್ಚಬೇಕು. ಕಮಾನು ಹೆಚ್ಚು ಗಡುಸಾದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತೇವೆ. ಹೆಚ್ಚು ಮೆದುವಾದರೆ ಇಳಿಜಾರಿನಲ್ಲೂ ತೆವಳುತ್ತೇವೆ. ಆದ್ದರಿಂದ ತೂಕ ತಿಳಿಯದೆ ಕಮಾನಿಲ್ಲ.

ಕೇಳಬಹುದಿತ್ತಲ್ಲ ಎನ್ನುವಿರಿ. (ನೀವು ಕೇಳಿ ನೋಡಿ.) ಕ್ರಿಸ್‌ಮಸ್ಸಿನ ಮರುದಿನವೇ ನಮ್ಮ ಮನೆಯ ತೂಕದ ಯಂತ್ರ ನೆಲಮಾಳಿಗೆಗೆ ಇಳಿಯುತ್ತದೆ, ಈಸ್ಟರ್ ಕಳೆಯುವವರೆಗೆ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

ಹಾಗಾಗಿ ಜನವರಿಯ ಒಂದು ಭಾನುವಾರ ನಾನು ಗುನ್ವೊರ್‌ಳನ್ನು ವಾಯುವಿಹಾರಕ್ಕೆ ಕರೆದೊಯ್ದೆ. ಶಿಶುವಿಹಾರದ ಅಂಗಳದಲ್ಲಿ ಮಕ್ಕಳು ಎರಡು ತುದಿಯಲ್ಲಿ ಕೂತು ಏರಿಳಿಯುವ ಏತದಾಟದ ಹಲಗೆಯಿತ್ತು. ಮೇಲಿನ ಹಿಮವನ್ನು ಕೈಗವಸಿನಿಂದ ಗುಡಿಸಿ, "ಕೂತ್ಕೋ" ಎಂದೆ.

"ನಿನಗೆ ಜ್ವರ ಏನಾದ್ರೂ ಬಂದಿದೆಯಾ?"

"ಮದುವೆಗೆ ಮುಂಚೆ ಹೀಗೆಲ್ಲ ಕೂತಿದ್ವಿ."

"ಇಲ್ಲ. ಯಾವತ್ತೂ ಕೂತಿರಲಿಲ್ಲ," ಎಂದಳು, ಆದರೂ ಕುಳಿತಳು. ನಾನು ಎದುರು ತುದಿಯಲ್ಲಿ ಕುಳಿತೆ. ಅವಳು ಮೇಲೆ ಹೋದಳು. ನಾನು ನಡುವಿನ ಕಡೆಗೆ ಅಂಗುಲ ಅಂಗುಲವಾಗಿ ಸರಿಯತೊಡಗಿದೆ.

"ಏನು ಹಾಗೆ ಜರುಗ್ತಾ ಇದ್ದೀಯ?"

"ನಿನ್ನ ಹತ್ತಿರ ಬರ್ತಿದ್ದೀನಿ." (ಭೌತಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಸುಳ್ಳಿನ ಲೇಶವೂ ಇರಲಿಲ್ಲ.)

ಅವಳ ಕೆನ್ನೆ ಕೆಂಪಾಯಿತು, ಚಳಿಗೆಂದು ನಾನು ತಿಳಿದೆ. ಹಲಗೆ ಸಮವಾಗಿ ತೂಗಿ ನಿಂತ ಕ್ಷಣ ನಾನು ಕುಳಿತಿದ್ದ ಜಾಗವನ್ನು ಉಗುರಿನಿಂದ ಗೀರಿದೆ. ಅವಳು ಮುಂದೆ ನಡೆದ ಮೇಲೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಎರಡು ಕಡೆಯ ಅಂತರವನ್ನೂ ಗೇಣಿನಲ್ಲಿ ಅಳೆದೆ. ನನ್ನ ತೂಕ ಎಪ್ಪತ್ತೆಂಟು ಕಿಲೋ. ಉಳಿದದ್ದು ಗುಣಾಕಾರ, ಭಾಗಾಕಾರ. ಬಂದ ಉತ್ತರದಿಂದ ಚಳಿಗಾಲದ ಬಟ್ಟೆಗಳಿಗೆಂದು ಒಂದಿಷ್ಟನ್ನೂ, ಸೌಜನ್ಯಕ್ಕೆಂದು ಇನ್ನೊಂದಿಷ್ಟನ್ನೂ ಕಳೆದೆ. ಆ ಸಂಜೆ ಅವಳು ತಂಗಿ ಸಿಗ್‌ರೂನ್‌ಗೆ ಫೋನು ಮಾಡಿ, "ನಂಬ್ತೀಯಾ, ಅವನಾಗಿಯೇ ಕರ್ಕೊಂಡು ಹೋದ ಕಣೇ" ಎಂದು ಪಿಸುಗುಟ್ಟುತ್ತಿದ್ದುದು ಕೇಳಿಸಿತು. ನಾನು ಲೆಕ್ಕದಲ್ಲಿ ಮುಳುಗಿದ್ದೆ.

ತಯಾರಿಕೆಯ ವೃತ್ತಾಂತವನ್ನು ಬೆಳೆಸುವುದಿಲ್ಲ. ಬರ್ಚ್ ಮರದ ತೆಳುಪಟ್ಟಿಗಳ ಮೂತಿಯನ್ನು, ಕುರಿಯ ಪಕ್ಕೆಲುಬು ಬೇಯಿಸುವ ದೊಡ್ಡ ಪಾತ್ರೆಯ ಹಬೆಯಲ್ಲಿ ಬಾಗಿಸಿದೆ. ಹೀಗಾಗಿ ಆ ಸ್ಕೀಗಳಿಗೆ ಇಂದಿಗೂ ಹಬ್ಬದೂಟದ ಪರಿಮಳವಿದೆ. ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಅಂಟು ಹಚ್ಚಿ ಅಚ್ಚಿಗೆ ಬಿಗಿದ ಮೇಲೆ, ಅಂಟು ಗಟ್ಟಿಯಾಗಲು ಹದವಾದ ಶಾಖ ಬೇಕಿತ್ತು. ನಮ್ಮ ಮನೆಯಲ್ಲಿ ನೆಲ ಬೆಚ್ಚಗಿರುವುದು ಸ್ನಾನದ ಮನೆಯಲ್ಲಿ ಮಾತ್ರ. ಅಚ್ಚು ಸ್ನಾನದ ಮನೆಗಿಂತ ಒಂದು ಗೇಣು ಉದ್ದವಿತ್ತು. ಆ ಒಂದು ಗೇಣು ಬಾಗಿಲಿನಿಂದ ಆಚೆ ಚಾಚಿಕೊಂಡಿದ್ದರಿಂದ ಬಾಗಿಲು ಹಾಕುವಂತಿರಲಿಲ್ಲ.

"ಇದು ಎಷ್ಟು ದಿನ?" ಎಂದಳು ಗುನ್ವೊರ್.

"ರಸಾಯನ ಕ್ರಿಯೆಗೆ ಅವಸರ ಆಗಲ್ಲ."

"ನನಗೆ ಆಗುತ್ತೆ!"

ಕೊನೆಗೆ, ಒಳಗಿರುವವರು ಹೊರಗಿನವರಿಗೆ ಕೇಳಿಸುವಂತೆ ಹಾಡುತ್ತಿರಬೇಕೆಂಬ ಒಪ್ಪಂದವಾಯಿತು. ಅತ್ತೆಯವರು ಚರ್ಚಿನ ಪ್ರಾರ್ಥನಾಗೀತೆಗಳನ್ನು ಆರಿಸಿಕೊಂಡರು. ಒಂದು ಚರಣವನ್ನೂ ಬಿಡುತ್ತಿರಲಿಲ್ಲ.

ಈಸ್ಟರ್ ವಾರ ಬಂತು. ಬೆಟ್ಟದ ಮೇಲಿನ ನಮ್ಮ ಮರದ ಮನೆಯನ್ನು ಸೇರಿದೆವು. ಬುಧವಾರ ಮಧ್ಯಾಹ್ನ ನಾನು ಹೊದಿಕೆ ಬಿಚ್ಚಿ ಸ್ಕೀಗಳನ್ನು ಗುನ್ವೊರ್‌ಳ ಕೈಗಿಟ್ಟೆ. ನಿಜ ಹೇಳುತ್ತೇನೆ, ಚೆನ್ನಾಗಿದ್ದವು. ಅವಳು ಮರದ ಮೇಲೆ ಬೆರಳಾಡಿಸಿ, "ಅಪ್ಪ ಇರಬೇಕಿತ್ತು" ಎಂದಳು. ನನ್ನ ಎದೆ ಉಬ್ಬಿತು. ಆದರೆ ಸ್ಕೀ ಕಂಡೊಡನೆ ಕಾಗದ ತೂರಿಸಿ ನೋಡದೆ ನಮ್ಮ ಜನ ಬಿಡುವುದಿಲ್ಲ. ಅತ್ತೆಯವರು ಪತ್ರಿಕೆಯ ಪದಬಂಧದ ಹಾಳೆಯನ್ನು ಹರಿದು ತಂದರು. ಗುನ್ವೊರ್ ಸಮತಟ್ಟಾದ ನೆಲದಲ್ಲಿ ಸ್ಕೀಗಳ ಮೇಲೆ ಎರಡೂ ಕಾಲೂರಿ ನಿಂತಳು. ಸರಿಯಾದ ಸ್ಕೀಯಾದರೆ ನಡುಭಾಗದ ಅಡಿ ಕಾಗದ ಸರಾಗವಾಗಿ ಓಡಾಡಬೇಕು.

ಅತ್ತೆ ಎಳೆದರು. ಕಾಗದ ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಅರ್ಧ ಪದಬಂಧ ಕೈಗೆ ಬಂತು.

"ಮೆದು," ಎಂದರು ಅತ್ತೆ.

"ಅಂದ್ರೆ ನಾನು ದಪ್ಪ ಅಂತಲಾ?" ಗುನ್ವೊರ್‌ಳ ದನಿ ತಣ್ಣಗಿತ್ತು.

ನನ್ನ ಪರಿಸ್ಥಿತಿಯನ್ನು ಓದುಗರು ಪರಿಶೀಲಿಸಬೇಕು. ಸ್ಕೀ ತಪ್ಪೆಂದರೆ ನನ್ನ ವಿಜ್ಞಾನ ಮುಳುಗುತ್ತಿತ್ತು. ಸ್ಕೀ ಸರಿಯೆಂದರೆ ಸಂಸಾರ ಮುಳುಗುತ್ತಿತ್ತು. ಮೂರನೆಯ ಸಾಧ್ಯತೆಗಾಗಿ ಹುಡುಕಾಡುತ್ತ ನಾನು ಬಾಯಿ ತೆರೆದೆ: "ಸಾಧ್ಯವೇ ಇಲ್ಲ. ಏತದ ಮೇಲೆ ನಿಖರವಾಗಿ ಅಳೆದಿದ್ದೀನಿ."

ಗುನ್ವೊರ್ ಸ್ಕೀಗಳಿಂದ ಕೆಳಗಿಳಿದಳು.

"ಯಾವ ಏತ?" ಎಂದಳು. ಉತ್ತರ ಅವಳಿಗೇ ಹೊಳೆಯಿತು. "ಅವತ್ತು ಶಿಶುವಿಹಾರಕ್ಕೆ ಕರ್ಕೊಂಡು ಹೋಗಿದ್ದು... ನನ್ನ ತೂಗೋಕಾ? ಹಾಲ್ವರ್, ನಾನು ಅದನ್ನ ಮೂರು ಜನ ಅಕ್ಕತಂಗೀರಿಗೂ ಹೇಳಿದ್ದೀನಿ! ಸಿಗ್‌ರೂನ್ ತನ್ನ ಗಂಡನ್ನ ಅದೇ ನೆಪದಲ್ಲಿ ಒಂದು ವಾರ ಬೈದಿದ್ದಾಳೆ, 'ಹಾಲ್ವರ್‌ನ ನೋಡಿ ಕಲೀ' ಅಂತ!"

"ಹತ್ತಿರ ಬರ್ತಿದ್ದೀನಿ ಅಂದದ್ದಂತೂ ನಿಜ..."

"ನಾಳೆ ಯಾವುದನ್ನ ಹಾಕ್ಕೊಂಡು ಹೋಗ್ಲಿ ನಾನು? ಅದನ್ನ ಹೇಳು."

ಈಸ್ಟರ್ ವಾರದಲ್ಲಿ ಬೆಟ್ಟದ ಅಂಗಡಿಗಳು ಬಾಗಿಲು ಹಾಕಿದ್ದವು. ಈ ನಡುವೆ ಅತ್ತೆಯವರು ಯಾರನ್ನೂ ಕೇಳದೆ ಸ್ಕೀಗಳ ಮೇಲೆ ಹತ್ತಿ ನಿಂತಿದ್ದರು. "ಗುನ್ವೊರ್, ಎಳಿ," ಎಂದರು. ಹರಿದುಳಿದ ಪದಬಂಧ ಹಿಂದಕ್ಕೂ ಮುಂದಕ್ಕೂ ರೇಷ್ಮೆಯಂತೆ ಓಡಾಡಿತು. ಒಂದು ಕಾಲೆತ್ತಿದರು, ಕಾಗದ ಕಚ್ಚಿ ನಿಂತಿತು. ಮುದುಕಿಯ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬೆಳಕು ಕಂಡಿತು.

"ನಿಮ್ಮಪ್ಪ ಮಾಡಿಕೊಟ್ಟಿದ್ದು ಈಗ ನನ್ನ ಕಾಲಿಗೆ ಬಗ್ಗೋದೇ ಇಲ್ಲ ಕಣೇ. ವರ್ಷ ವರ್ಷ ಹಗುರ ಆಗ್ತಿದ್ದೀನಿ. ಅದಕ್ಕೇ ನಿಮ್ಮ ಜೊತೆ ಬರೋದು ಬಿಟ್ಟಿದ್ದು. ಮಂಡಿನೋವು ಅಂದದ್ದೆಲ್ಲ ಸುಳ್ಳು."

ಗುನ್ವೊರ್ ತಾಯಿಯನ್ನು ನೋಡಿದಳು, ಸ್ಕೀಗಳನ್ನು ನೋಡಿದಳು. ಕೊನೆಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. "ಏತದಲ್ಲಿ ನನ್ನ ತೂಕ ತಿಳೀಬೇಕಾದ್ರೆ ನಿನ್ನದು ಗೊತ್ತಿರಬೇಕಲ್ವಾ? ನಿನ್ನದು ಎಷ್ಟು ಅಂತ ಹಿಡಿದೆ?"

"ಎಪ್ಪತ್ತೆಂಟು."

"ಯಾವ ಕಾಲದ್ದು ಅದು?"

"ನನ್ನ ಸ್ಕೀ ಕೊಂಡಾಗ ಅಂಗಡಿಯಲ್ಲಿ ಹೇಳಿದ್ದು."

"ಹಾಗಾದ್ರೆ ಬೆಲ್ಟಿನ ಮೇಲೆ ಕೂತಿರೋದು ಯಾರ ತೂಕ, ಪಕ್ಕದ ಮನೆಯವರದಾ?"

ಜಗತ್ತಿನ ಸಕಲ ಸಂಖ್ಯೆಗಳನ್ನೂ ಸಂಶಯಿಸಿದ್ದ ನಾನು ಆ ಒಂದನ್ನು ಮಾತ್ರ ಸಂಶಯಿಸಿರಲಿಲ್ಲ. ನನ್ನನ್ನು ನನ್ನ ಸ್ಕೀಗಳ ಮೇಲೆ ನಿಲ್ಲಿಸಲಾಯಿತು. ಕಾಗದ ಅಲುಗಲಿಲ್ಲ. ಎಷ್ಟೋ ಚಳಿಗಾಲಗಳಿಂದ ನಾನು ಎಲ್ಲರಿಗಿಂತ ಹಿಂದುಳಿಯುತ್ತಿದ್ದುದಕ್ಕೆ ಹಿಮದ ಹರಳುಗಳ ರಚನೆಯೇ ಕಾರಣವೆಂದು ನಂಬಿ, ಆ ವಿಷಯವಾಗಿ ಎರಡು ದಪ್ಪ ಗ್ರಂಥಗಳನ್ನು ಓದಿದ್ದೆ. ನಂತರ ನನ್ನ ಸ್ಕೀಗಳ ಮೇಲೆ ಗುನ್ವೊರ್ ನಿಂತಳು. ಕಾಗದ ಓಡಾಡಿತು, ಒಂದು ಕಾಲೆತ್ತಿದಾಗ ಕಚ್ಚಿತು. ತುಸು ಉದ್ದವಾದರೂ ಅವಳಿಗೆಂದೇ ಮಾಡಿಸಿದಂತಿದ್ದವು.

ಗುರುವಾರ ಬೆಳಿಗ್ಗೆ ಅಕ್ಕತಂಗಿಯರು ಬಂದರು. ಗುನ್ವೊರ್ ನನ್ನ ಸ್ಕೀಗಳನ್ನೇರಿ, ಅತ್ತೆಯವರು ನಾನು ಮಾಡಿದವುಗಳನ್ನೇರಿ, ಎಲ್ಲರೂ ಬಿಸಿಲಿನಲ್ಲಿ ಸರೋವರದ ಕಡೆಗೆ ಹೊರಟರು. ಮೊದಲ ಇಳಿಜಾರಿನಲ್ಲೇ ಅತ್ತೆ ಎಲ್ಲರಿಗಿಂತ ಮುಂದಿದ್ದರು. ನಾನು ಕಿಟಕಿಯಿಂದ ಟಾಟಾ ಮಾಡಿ, ಹೇಳಿದಷ್ಟು ಆಲೂಗಡ್ಡೆ ಸುಲಿದೆ.

ಮರಳಿ ಬಂದಾಗ ಅತ್ತೆಯವರ ಮೂಗು ಬಿಸಿಲಿಗೆ ಕೆಂಪಗಾಗಿತ್ತು. ಬೂಟು ಬಿಚ್ಚುವ ಮೊದಲೇ ನನ್ನ ಭುಜ ತಟ್ಟಿದರು.

"ಹಾಲ್ವರ್, ಸರೋವರದ ಹತ್ತಿರ ನನ್ನ ಹಳೇ ಗೆಳತಿಯರೆಲ್ಲ ಸಿಕ್ಕಿದ್ರು. ನನ್ನ ವೇಗ ನೋಡಿ ಬಾಯಿ ಬಿಟ್ಕೊಂಡು ನಿಂತ್ರು. ಅಳಿಯ ಮಾಡಿಕೊಟ್ಟಿದ್ದು ಅಂದೆ. ಅವರಿಗೂ ಬೇಕಂತೆ. ಆಗಲಿ, ಮಾಡ್ತಾನೆ ಅಂತ ಮಾತು ಕೊಟ್ಟು ಬಂದಿದ್ದೀನಿ."

"ಎಲ್ಲರಿಗಾ? ಅವರವರ ತೂಕ ಬೇಕಾಗುತ್ತಲ್ಲ," ಎಂದೆ ಕ್ಷೀಣವಾಗಿ.

"ಛೆ, ಹೆಂಗಸರನ್ನ ತೂಕ ಕೇಳ್ತಾರೇನು? ಆ ಚಿಂತೆ ನಿಮಗೆ ಬೇಡ ಅಂತ ಅವರಿಗೆ ಹೇಳಿದ್ದೀನಿ," ಎಂದರು ಅತ್ತೆ, ಬೂಟಿನ ಹಿಮ ಕೊಡವುತ್ತ. "ಒಬ್ಬೊಬ್ಬರನ್ನೇ ಏತದಾಟಕ್ಕೆ ಕರ್ಕೊಂಡು ಹೋಗ್ತಾನೆ ಅಂದೆ. ಎಲ್ಲರೂ ಒಪ್ಪಿದ್ದಾರೆ."