ಕಾಲು ಚಾಚದ ಸೊಸೆಯ ಬಲಪಾದ

ನರಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಂಬಿದ್ದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ನನ್ನ ಉದ್ಯೋಗವೇ ಅದು. ಕಾಲೆತ್ತು ಎಂದು ಮೆದುಳು ಹೇಳಿದರೆ ಆ ಮಾತನ್ನು ಸ್ನಾಯುವಿಗೆ ಮುಟ್ಟಿಸುವ ನರಕೋಶಗಳಿವೆಯಲ್ಲ, ಅವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇನೆ. ಕೆಲವರಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಒಂದು ಕೈಯೋ ಕಾಲೋ ಸೋಲುತ್ತದೆ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಯಾಕೆ ಸಾಯುತ್ತವೆ ಎಂದು ಹುಡುಕುವುದು ನನ್ನ ಕೆಲಸ. ಶಿರಾ ತಾಲ್ಲೂಕಿನ ತಾವರೆಕೆರೆ ಪಕ್ಕದ ಊರಿನಲ್ಲಿರುವ ನನ್ನ ಅತ್ತೆ ಲಕ್ಕಮ್ಮ ಇದನ್ನೆಲ್ಲ ಚುಟುಕಾಗಿ ಮುಗಿಸುತ್ತಾರೆ. "ನಮ್ ಸೊಸೆ ತಟ್ಟೇಲಿ ನರ ಬೆಳೀತಾಳೆ. ನಾವು ಹೊಲ್ದಾಗೆ ಕಡ್ಲೇಕಾಯಿ ಬೆಳೀತೀವಿ."

ಈ ಸಲ ದೀಪಾವಳಿಗೆ ಹೋದಾಗ ಕಡಲೆಕಾಯಿ ಗಿಡ ಕಿತ್ತು ಕಣದಲ್ಲಿ ಗುಡ್ಡೆ ಹಾಕಿದ್ದರು. ಕಾಯಿ ಬಿಡಿಸಲು ಆಳು ಸಾಲದು. ನಾನೂ ಬರುತ್ತೇನೆ ಎಂದು ಸೆರಗು ಸಿಕ್ಕಿಸಿ ಹೊರಟೆ. ಅತ್ತೆ ಮತ್ತು ಪಕ್ಕದ ಮನೆಯ ಹನುಮಕ್ಕ ಗೋಣಿಚೀಲದ ಮೇಲೆ ಹಾಯಾಗಿ ಕಾಲು ಚಾಚಿ ಕೂತರು. ನಾನು ಚಾಚುವಂತಿರಲಿಲ್ಲ. ಹಿರಿಯರ ಎದುರು ಸೊಸೆ ಕಾಲು ಚಾಚುವುದುಂಟೆ? ಕುಕ್ಕರಗಾಲಲ್ಲಿ ಕೂತೆ. "ಕಾಲು ನೀಡ್ಕಂಡು ಕೂತ್ಕಳಮ್ಮ" ಎಂದು ಅತ್ತೆ ಹೇಳಿದರು. ಅತ್ತೆ ಹೇಳುವುದು, ಸೊಸೆ ಒಪ್ಪದಿರುವುದು, ಎರಡೂ ಪದ್ಧತಿಯೇ. "ಬೆಂಗ್ಳೂರೋಳು ಏನು ಕೂತಾಳು ಅನ್ಕಂಡಿದ್ದೆ. ಪರ್ವಾಗಿಲ್ಲ ಕಣಮ್ಮ" ಎಂದು ಹನುಮಕ್ಕ ಮೆಚ್ಚಿಕೊಂಡರು. ಅದು ನನ್ನ ತಲೆಗೇರಿತು. ಹೊತ್ತು ಮುಳುಗುವವರೆಗೆ ಅಲುಗಲಿಲ್ಲ!

ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಹೊರಟವಳು ಹೊಸಿಲು ಎಡವಿದೆ. ಬಲಪಾದ ಮೇಲೇಳಲಿಲ್ಲ. ಏಳು ಎಂದೆ. ಏಳಲಿಲ್ಲ. ಹೆಜ್ಜೆ ಇಟ್ಟರೆ ಸಿಮೆಂಟ್ ನೆಲಕ್ಕೆ ಪಟ್, ಪಟ್ ಎಂದು ಬಡಿಯುತ್ತಿತ್ತು.

"ನೋಯ್ತೈತಾ?" ಎಂದರು ಅತ್ತೆ.

"ಇಲ್ಲ."

"ನೋವಿಲ್ದಿದ್ಮೇಲೆ ಇನ್ನೇನು ಬುಡು. ಕಾಪಿ ಕುಡಿ."

ನೋವಿಲ್ಲ ಎನ್ನುವುದು ಅವರಿಗೆ ಸಮಾಧಾನ, ನನಗೆ ಮರಣಶಾಸನ. ನೋವೇ ಇಲ್ಲದೆ ಒಂದು ಪಾದ ಸೋಲುವುದೇ ಆ ಕಾಯಿಲೆಯ ಮೊದಲ ಲಕ್ಷಣವೆಂದು ಎಷ್ಟು ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿಲ್ಲ ನಾನು! ಅಂಗಳದಲ್ಲಿ ಮಗಳು ಕರುವಿನ ಜೊತೆ ಹರಟುತ್ತಿದ್ದಳು. ಎಂಟು ವರ್ಷದವಳು, ಇನ್ನೂ ಜಡೆ ಹಾಕಿಕೊಳ್ಳಲು ಬಾರದು. ಅವಳ ಜಡೆ ಹೆಣೆಯಲು ನನ್ನ ಕೈ ಎಲ್ಲಿಯವರೆಗೆ ನಡೆದೀತು ಎಂದು ಯೋಚಿಸಿ ನಡುಗಿಹೋದೆ. ಓದಿದವರ ಭಯ ಬಲು ಕೆಟ್ಟದ್ದು. ಮುಂದಿನ ಅಧ್ಯಾಯಗಳೆಲ್ಲ ಬಾಯಿಪಾಠವಾಗಿರುತ್ತವೆ.

ಆದರೂ ನಾನು ವಿಜ್ಞಾನಿ. ಸಾಕ್ಷ್ಯವಿಲ್ಲದೆ ತೀರ್ಪು ಕೊಡುವವಳಲ್ಲ. ಆ ಕಾಯಿಲೆಯಲ್ಲಿ ನಾಲಿಗೆ ಅದುರುತ್ತದೆ. ಪಡಸಾಲೆಯ ಕಂಬಕ್ಕೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತು ನಾಲಿಗೆ ಹೊರಚಾಚಿದೆ. ಅದುರುತ್ತಿತ್ತು! ಅದೇ ಹೊತ್ತಿಗೆ ಹನುಮಕ್ಕ ಮಜ್ಜಿಗೆಗೆಂದು ಬಂದರು.

"ಯಾಕಮ್ಮ, ಯಾರ್ನ ಅಣಕಿಸ್ತಿದ್ದೀಯ?"

"ನನ್ನ ನಾಲಿಗೆ ಅದುರುತ್ತಾ ನೋಡಿ ಹನುಮಕ್ಕ."

ಅವರು ಹತ್ತಿರ ಬಂದು ಬಗ್ಗಿ ನೋಡಿದರು. "ಅದುರ್ತೈತೆ ಕಣಮ್ಮ. ಕಡ್ಲೇ ಎಲೆ ಅದುರ್ದಂಗೆ."

ಹೋಲಿಸಿ ನೋಡಲು ಆರೋಗ್ಯವಂತರೊಬ್ಬರು ಬೇಕೆಂಬುದು ಸಂಶೋಧನೆಯ ನಿಯಮ. ಹನುಮಕ್ಕನಿಗೂ ನಾಲಿಗೆ ಚಾಚಲು ಹೇಳಿದೆ. ಅವರದ್ದೂ ಅದುರುತ್ತಿತ್ತು. ಚಾಚಿದ ನಾಲಿಗೆ ಯಾರದ್ದಾದರೂ ಅದುರುತ್ತದೆ ಎಂದು ಬುದ್ಧಿ ನೆಟ್ಟಗಿರುವವರು ತೀರ್ಮಾನಿಸುತ್ತಿದ್ದರು. ಪಾಪ, ಹನುಮಕ್ಕನಿಗೂ ಬಂದಿದೆ ಎಂದು ನಾನು ತೀರ್ಮಾನಿಸಿದೆ.

"ಹನುಮಕ್ಕ, ನಿಮಗೆ ಕೈಕಾಲು ಸೋಲುತ್ತವಾ?" ಎಂದು ಅವರ ಕೈ ಹಿಡಿದು ಕೇಳಿದೆ.

"ಈ ವಯಸ್ಸಲ್ಲಿ ಸೋಲ್ದೆ ಇರ್ತಾವಾ?"

ಒಂದೇ ಕಣದಲ್ಲಿ ಕೂತ ಇಬ್ಬರಿಗೆ ಒಂದೇ ಕಾಯಿಲೆ! ಸಾಯುವ ಮುನ್ನ ಒಂದು ಒಳ್ಳೆಯ ಸಂಶೋಧನಾ ಲೇಖನವಾದೀತು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಮಗಳ ನಗು ಕೇಳಿ, ಲೇಖನ ಮರೆತು ಪಾದ ಎಳೆಯುತ್ತ ಹಿತ್ತಿಲಿಗೆ ಹೊರಟೆ.

ನನ್ನ ಯಜಮಾನರು ರಂಗನಾಥ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಹಿತ್ತಿಲಲ್ಲಿ ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದರು.

"ರೀ, ನಾನು ಹೋದಮೇಲೆ ನೀವು ಇನ್ನೊಂದು ಮದುವೆ ಆಗಿ."

"ಎಲ್ಲಿಗೆ ಹೋಗ್ತೀಯ?" ಎಂದರು ತಲೆಯೆತ್ತದೆ.

ಹೇಳಿದೆ. ಅವರ ಕೈಯಿಂದ ಸ್ಪ್ಯಾನರ್ ಜಾರಿತು. "ಖಂಡಿತಾನಾ ವೀಣಾ?" ಎಂದು ಮೆಲ್ಲಗೆ ಕೇಳಿದರು.

"ನನ್ನನ್ನೇ ಕೇಳ್ತೀರಾ? ಇದು ನನ್ನ ವಿಷಯ."

ನನ್ನ ವಿದ್ವತ್ತನ್ನು ಪೂರ್ತಿಯಾಗಿ ನಂಬುವ ಏಕೈಕ ಮನುಷ್ಯ ಅವರು. ಸ್ಟಾರ್ಟರ್ ಅಲ್ಲೇ ಬಿಟ್ಟು ಎದ್ದು ಕಾರು ತೆಗೆದರು. ಸುದ್ದಿ ಕೇಳಿ ಅತ್ತೆ ಓಡಿಬಂದು ನನ್ನ ಕೆನ್ನೆ ಸವರಿ, "ನನ್ ಆಯಸ್ಸೆಲ್ಲ ನಿಂಗೆ ಬರ್ಲಿ ಕಣವ್ವ" ಎಂದು ಅತ್ತುಬಿಟ್ಟರು. ಅವರನ್ನು ಅಳಿಸಿದ ಪಾಪ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಎರಡನೆಯ ರೋಗಿಯಾದ ಹನುಮಕ್ಕನನ್ನೂ ಹಿಂದಿನ ಸೀಟಿಗೆ ಹತ್ತಿಸಿದೆ. ಶಿರಾದಲ್ಲಿ ಬಳೆ ತಗೊಳ್ಳುವುದಿತ್ತು, ಅವರು ಸಂತೋಷವಾಗಿಯೇ ಬಂದರು.

ದಾರಿಯುದ್ದಕ್ಕೂ ಯಜಮಾನರು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದಿದ್ದರು. ಶಿರಾದ ಕ್ಲಿನಿಕ್ಕೊಂದಕ್ಕೆ ವಾರಕ್ಕೊಮ್ಮೆ ನರದ ವೈದ್ಯರು ಬರುತ್ತಾರೆ. ಅವತ್ತು ಅವರು ಬರುವ ದಿನವಾಗಿತ್ತು. ನನ್ನ ಸರದಿ ಬರುವಷ್ಟರಲ್ಲಿ ಬೆವರಿ ಒದ್ದೆಯಾಗಿದ್ದೆ.

"ಏನು ಕೆಲಸ ಮಾಡ್ತೀರಮ್ಮ?" ಎಂದರು ವೈದ್ಯರು.

ಯಾಕೋ ಹೇಳಲು ನಾಲಿಗೆ ಏಳಲಿಲ್ಲ. "ಮನೇಲೇ ಇದ್ದೀನಿ" ಅಂದೆ.

ಅವರು ನನ್ನ ಪಾದದ ಮೇಲೆ ಬಗ್ಗಿ, "ಗೊತ್ತಾಗುತ್ತಾ?" ಎಂದು ಕೇಳಿದರು.

"ಏನು?"

"ಪಿನ್ನಿನಲ್ಲಿ ಚುಚ್ಚುತ್ತಿದ್ದೀನಿ."

ಬಗ್ಗಿ ನೋಡಿದೆ. ನಿಜವಾಗಿಯೂ ಚುಚ್ಚುತ್ತಿದ್ದರು! ನನಗೆ ಗೊತ್ತೇ ಆಗಿರಲಿಲ್ಲ. ಆಗ ತಲೆಯೊಳಗೆ ಎಲ್ಲೋ ದೀಪ ಹತ್ತಿತು. ಆ ಕಾಯಿಲೆಯಲ್ಲಿ ಶಕ್ತಿ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ಇದನ್ನು ಎಷ್ಟೋ ಜನಕ್ಕೆ ಪಾಠ ಮಾಡಿದ ನಾನು ಊರವರ ನಾಲಿಗೆಯನ್ನೆಲ್ಲ ಪರೀಕ್ಷಿಸಿ, ನನ್ನ ಪಾದವನ್ನು ಒಮ್ಮೆ ಮುಟ್ಟಿಯೂ ನೋಡಿರಲಿಲ್ಲ.

ವೈದ್ಯರು ಮೊಣಕಾಲಿನ ಹೊರಬದಿಗೆ ಬೆರಳಿನಿಂದ ತಟ್ಟಿದರು. ಕರೆಂಟು ಹೊಡೆದಂತೆ ಪಾದದವರೆಗೆ ಜುಮ್ಮೆಂದಿತು. "ನಿನ್ನೆ ಕುಕ್ಕರಗಾಲಲ್ಲಿ ಕೂತಿದ್ರಾ?"

"ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ಳು ಸಾರ್. ನಾನೇ ಕಂಡಿದೀನಿ" ಎಂದು ಹನುಮಕ್ಕ ಬಾಗಿಲಿಂದಲೇ ಸಾಕ್ಷಿ ನುಡಿದರು.

"ಇಲ್ಲಿ ನರ ಚರ್ಮದ ಕೆಳಗೇ ಹಾದುಹೋಗುತ್ತೆ. ಅದುಮಿಕೊಂಡು ಸುಸ್ತಾಗಿದೆ. ಕೆಲವು ವಾರದಲ್ಲಿ ಸರಿಹೋಗುತ್ತೆ. ಕಾಯಿ ಬಿಡಿಸೋ ಕಾಲದಲ್ಲಿ ಇಂಥವರು ಬರ್ತಾ ಇರ್ತಾರೆ."

ನನ್ನ ತಟ್ಟೆಯ ನರಕೋಶಗಳಿಗೆ ಮೊಣಕಾಲಿಲ್ಲ. ಅದಕ್ಕೇ ಮೊಣಕಾಲಿನ ನೆನಪು ನನಗೆ ಬಂದಿರಲಿಲ್ಲ. ಯಜಮಾನರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ನಾನಂತೂ ಮಗುವಿನಂತೆ ಅತ್ತುಬಿಟ್ಟೆ. ಹನುಮಕ್ಕ ತಮ್ಮ ನಾಲಿಗೆಯನ್ನೂ ತೋರಿಸಿ, ಏನೂ ಇಲ್ಲ ಎಂದಾಗ ಕೊಂಚ ನಿರಾಶರಾಗಿ, "ಅಂಗಾದ್ರೆ ಸಕ್ರೆನಾದ್ರೂ ನೋಡಿ ಸಾರ್, ಹೆಂಗೂ ಬಂದಿದೀನಿ" ಎಂದರು.

ಅಳು ನಿಂತಮೇಲೆ ಸುಮ್ಮನೆ ಏಳಬಹುದಿತ್ತು. ಮನಸ್ಸು ತಡೆಯಲಿಲ್ಲ. "ಡಾಕ್ಟ್ರೇ, ಅಕಸ್ಮಾತ್ ಇದು ಆ ನರಕೋಶ ಸಾಯೋ ಕಾಯಿಲೆ ಆಗಿದ್ದಿದ್ರೆ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಆಗಿದ್ರೆ ನನ್ನ ಕೈಲಿ ಹೆಚ್ಚೇನೂ ಇರ್ತಿರಲಿಲ್ಲಮ್ಮ. ಆದ್ರೆ ಬೆಂಗಳೂರಲ್ಲಿ ಅದರ ಮೇಲೇ ಸಂಶೋಧನೆ ಮಾಡೋರಿದ್ದಾರೆ. ಬಹಳ ತಿಳಿದವರು. ಅವರ ಮೇಲೆ ಭರವಸೆ ಇಟ್ಕೊಳ್ಳಿ ಅಂತ ಬಂದವರಿಗೆಲ್ಲ ಹೇಳ್ತೀನಿ."

ಯಾರ್ಯಾರ ಮನೆಯಲ್ಲಿ ಯಾರ್ಯಾರು ಆ ಭರವಸೆ ಹಿಡಿದುಕೊಂಡು ಕಾಯುತ್ತಿದ್ದಾರೋ ಎಂದು ನೆನೆದು ನನ್ನ ತಲೆ ತಗ್ಗಿತು. ಯಜಮಾನರು ಹೆಮ್ಮೆಯಿಂದ ನನ್ನ ಕಡೆ ತಿರುಗಿ, "ಸಾರ್, ಇವರೇ..." ಎಂದು ಬಾಯಿ ತೆರೆದರು. ಮೇಜಿನ ಕೆಳಗೆ ಅವರ ಕಾಲನ್ನು ಬಲವಾಗಿ ತುಳಿದೆ. ಎಡಗಾಲಿನಿಂದ. ಬಲಗಾಲು ಇನ್ನೂ ನನ್ನ ಮಾತು ಕೇಳುತ್ತಿರಲಿಲ್ಲ.